ಖುಷಿಗೊಂದು ಕಾಲುದಾರಿ

ಕಳೆದ ಭಾನುವಾರ ಬೆಳಿಗ್ಗೆ ನಾನು ಗಜೇಂದ್ರಗಡದ ಗುಡ್ಡದಲ್ಲಿ ಜಾಲಿಕಂಟಿಯ ಮೇಲೆ ಕುಳಿತಿದ್ದೆ. ನನ್ನ ಮೇಲೆ ನನ್ನ ಸೈಕಲ್ ಕುಳಿತಿತ್ತು.

ತಪ್ಪು ಯಾರದೂ ಅಲ್ಲ. ನಾನು ಇಳಿಯುತ್ತಿದ್ದೆ, ಎದುರಿಗೆ ಒಬ್ಬ ಹೆಂಗಸು ಹುಲ್ಲಿನ ಹೊರೆ ಹೊತ್ತು ಹತ್ತುತ್ತಿದ್ದಳು. ದಾರಿಯಲ್ಲಿ ಜಾಗವಿದ್ದದ್ದು ಒಬ್ಬರಿಗೆ ಮಾತ್ರ. ನಾನು ಮುಳ್ಳನ್ನು ಆರಿಸಿಕೊಂಡೆ.

ಅಂಥ ದಾರಿಯನ್ನೇ ನಾನು ಮತ್ತು ಗೆಳತಿ ನಜ್ಮಾ ಮಳೆಗಾಲವಿಡೀ ಹುಡುಕಿದ್ದೆವು. ಸಿಂಗಲ್ ಟ್ರ್ಯಾಕ್ ಅನ್ನುತ್ತಾರೆ. ಒಂದೇ ಸೈಕಲ್ ಹಿಡಿಸುವಷ್ಟು ಅಗಲದ, ಕಲ್ಲು, ತಿರುವು, ಇಳಿಜಾರು ಎಲ್ಲ ಇರುವ ಕಾಲುದಾರಿ. ನಮ್ಮ ರೋಣದ ಸುತ್ತ ಎಲ್ಲಿ ಸಿಗಬೇಕು? ಜಕ್ಕಲಿ ಕಡೆ ಹೋದರೆ ನೇರ ಡಾಂಬರು. ಯಾವಗಲ್ ಕಡೆ ಹೊಲಕ್ಕಿಳಿದರೆ ಎರೆಮಣ್ಣು. (ಹದ ಮಳೆಯಾದ ಮೇಲೆ ಎರೆಮಣ್ಣಿನಲ್ಲಿ ಸೈಕಲ್ ಹೊಡೆದಿದ್ದೀರಾ? ಚಕ್ರ ನಿಲ್ಲುತ್ತದೆ, ನೀವು ಮುಂದೆ ಹೋಗುತ್ತೀರಿ.) ಗೂಗಲ್ ಮ್ಯಾಪಿನಲ್ಲಿ ಗುಡ್ಡ ಬರೀ ಹಸಿರು ಕಲೆ. ಕೊನೆಗೆ ಸೈಕಲ್‌ಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಗಜೇಂದ್ರಗಡಕ್ಕೆ ಬಂದೆವು. ಗಾಳಿಯಂತ್ರಗಳ ಬಳಿ ನಿಂತು ಕೆಳಗೆ ನೋಡಿದರೆ, ಹುಲ್ಲಿನ ನಡುವೆ ತೆಳ್ಳಗೆ ಒಂದು ಕೆಂಪು ಗೆರೆ. ನಜ್ಮಾ ಚಪ್ಪಾಳೆ ಹೊಡೆದಳು. ನಾನು ಮುಂದಾದೆ. ಆಮೇಲಿನದು ಜಾಲಿಕಂಟಿ.

ಆ ಹೆಂಗಸು ಹೊರೆ ಇಳಿಸಿ ನನ್ನನ್ನು ಎಳೆದು ನಿಲ್ಲಿಸಿದಳು. ಹೆಸರು ಗಂಗವ್ವ. ಅರವತ್ತರ ಹತ್ತಿರ. ನನ್ನ ತೋಳಿನ ಮುಳ್ಳು ತೆಗೆಯುತ್ತಲೇ ವಿಚಾರಣೆ ಶುರುವಾಯಿತು.

"ಅಷ್ಟ್ ಚಲೋ ರಸ್ತಾ ಬಿಟ್ಟು ಇಲ್ಲ್ಯಾಕ ಬಂದೀರವಾ? ಹರಕಿ ಐತೇನು?"

"ಇಲ್ರೀ ಯಕ್ಕಾ. ಹಿಂಗ, ಖುಷೀಗೆ."

"ಖುಷೀಗಾ?"

ಹೆಂಗಸರು ಕಟ್ಟಿಗೆಗೆ, ಹುಲ್ಲಿಗೆ, ಹರಕೆಗೆ ಗುಡ್ಡ ಹತ್ತಿದರೆ ಯಾರೂ ಕೇಳುವುದಿಲ್ಲ. ಖುಷಿಗೆ ಹತ್ತಿದರೆ ಕಾರಣ ಕೊಡಬೇಕು, ಅಲ್ಲವೇ? ನಾನು ಉತ್ತರ ಹೊಂದಿಸುತ್ತಿದ್ದೆ. ಗಂಗವ್ವನ ಕಣ್ಣು ಮಾತ್ರ ಸೈಕಲ್ ಮೇಲಿತ್ತು.

"ನಮ್ಮಪ್ಪಂದೊಂದು ಸೈಕಲ್ ಇತ್ತು. ಲಗ್ನ ಆಗೂತನಕ ನಾನ ಹೊಡೀತಿದ್ದೆ. ಆಮ್ಯಾಲ ಮುಟ್ಟಿಲ್ಲ. ಒಮ್ಮಿ ಕೊಡ್ತೀಯೇನು?"

"ಬ್ಯಾಡ್ರೀ ಯಕ್ಕಾ," ನಜ್ಮಾ ಗಾಬರಿಯಾದಳು. "ಬಿದ್ದರ ಹ್ಯಾಂಗ?"

"ಈಕಿ ಬಿದ್ದಳಲ್ಲ, ಸತ್ತಳೇನು?"

ಸೀಟು ಇಳಿಸಿದೆ. ಬ್ರೇಕ್ ತೋರಿಸಿದೆ. ಆಕೆ ಸೀರೆಯನ್ನು ಕಚ್ಚೆ ಹಾಕಿ ಹತ್ತಿದಳು. ಆ ಕಡೆ ವಾಲಿದಳು, ಈ ಕಡೆ ವಾಲಿದಳು. ನಂತರ ನೆಟ್ಟಗಾದಳು. ಸಮತಟ್ಟಾದ ದಾರಿಗುಂಟ ಹೋಗಿ ಬಂಡೆಯ ಹಿಂದೆ ತಿರುಗಿ ಕಾಣೆಯಾದಳು.

ಕಾದೆವು. ಗಾಳಿಯಂತ್ರದ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಬಂಡೆಯಾಚೆ ಇಳಿಜಾರಿದೆಯೇ? ಹೇಳುವವರು ಯಾರು? ಈಕೆಯ ಮನೆಯವರಿಗೆ ಏನೆಂದು ಹೇಳಲಿ? ಅಷ್ಟರಲ್ಲಿ ಆಚೆಯಿಂದ ಕೂಗು ಕೇಳಿತು. ಇಬ್ಬರೂ ಓಡಿದೆವು.

ಗಂಗವ್ವ ಒಂದು ಕಾಲು ನೆಲಕ್ಕೂರಿ ನಿಂತಿದ್ದಳು. ಸೆರಗು ಹಾರುತ್ತಿತ್ತು. ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ತಿರುಗಸಾಕ ಆಗವಲ್ದವಾ! ದಾರಿ ಭಾಳ ಸಣ್ಣದೈತಿ!"

ಸೈಕಲ್ ಎತ್ತಿ ತಿರುಗಿಸಿಕೊಟ್ಟೆವು. ಆಕೆ ಹೊಡೆದುಕೊಂಡೇ ವಾಪಸ್ ಬಂದಳು, ನಾವು ಹಿಂದೆ ಓಡುತ್ತ. ಮೂವರೂ ಬಂಡೆಯ ಮೇಲೆ ಕುಳಿತು ನಜ್ಮಾ ತಂದಿದ್ದ ಚುರುಮುರಿ ತಿಂದೆವು. ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಹೊರೆಯನ್ನು ತಲೆಗೆ ಏರಿಸಿಕೊಂಡು ಹೊರಟವಳು ತಿರುಗಿ ನಿಂತಳು.

"ಮುಂದಿನ ಐತ್ವಾರ ಇನ್ನೊಂದು ತರ್ರಿ. ನನಗಲ್ಲ, ನನ್ನ ಸೊಸಿಗೆ. ಮನ್ಯಾಗ ಕೂತು ಕೂತು ನಗೂದ ಮರತಾಳ."

ಹಾಗಾಗಿ ಈ ವಾರ ನಾವು ದಾರಿ ಹುಡುಕುತ್ತಿಲ್ಲ, ಸೈಕಲ್ ಹುಡುಕುತ್ತಿದ್ದೇವೆ. ನಿಮ್ಮ ಮನೆಯ ಗೋಡೆಗೆ ಒರಗಿ ಧೂಳು ತಿನ್ನುತ್ತಿದೆಯಲ್ಲ, ಅದು ಯಾರದು?