ದಪ್ಪ ಅಕ್ಷರ, ಓರೆ ಅಕ್ಷರ

ಕಲಘಟಗಿಯಲ್ಲಿ ನಮಗೆ ಕಂಪ್ಯೂಟರ್ ಕಲಿಸಿದ ಸರ್, ಕೈಪಿಡಿಯ ಪುಟಗಳನ್ನು ಪ್ರಿಂಟ್ ತೆಗೆದು ಹೊಲಿದಿಟ್ಟುಕೊಂಡಿದ್ದರು. ಆ ಕಟ್ಟನ್ನು ಮುಟ್ಟುವ ಮೊದಲು ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. "ದಪ್ಪ ಅಕ್ಷರ ಇದ್ದಂಗ ಹೊಡೀರಿ, ಓರೆ ಅಕ್ಷರ ಇದ್ದಲ್ಲಿ ಅದನ್ನ ತಗದು ನಿಮ್ಮ ಮಷಿನ್ನಿನ ಹೆಸರು ಹಾಕ್ರಿ" ಎಂಬುದು ಅವರ ನಿತ್ಯದ ಮಾತು.

ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಮಾಡುವ ಪುಟದಲ್ಲಿ ಮಾತ್ರ, ಓರೆಯಾಗಿರಬೇಕಿದ್ದ ಡಿಸ್ಕಿನ ಹೆಸರೂ ತಪ್ಪಿ ದಪ್ಪಗೆ ಅಚ್ಚಾಗಿತ್ತು. ಸರ್ ಅದನ್ನು ಇದ್ದಂತೆಯೇ ಹೊಡೆದರು. ನಮ್ಮಲ್ಲಿ ಆ ಹೆಸರಿನ ಡಿಸ್ಕಿನಲ್ಲಿ, ಬಮ್ಮಿಗಟ್ಟಿಯ ಮುದುಕಿಯರಿಂದ ನಾನು ಹಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದ ಬೀಸುವ ಪದಗಳಿದ್ದವು. ಎಲ್ಲ ಅಳಿಸಿಹೋದವು. ಹಾಡಿದವರಲ್ಲಿ ಇಬ್ಬರು ಆಗಲೇ ಇರಲಿಲ್ಲ.

"ಪುಸ್ತಕದ ತಪ್ಪರಿ ಸರ್" ಎಂದೆ.

"ಓದಿದಾಂವ ನಾನ ಅಲ್ಲೇನ್ರಿ" ಎಂದರು.

ಅವರು ತೀರಿಕೊಂಡ ಮೇಲೆ ಆ ಕಟ್ಟು ನನ್ನ ಕೈಗೆ ಬಂತು. ಅದೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದರು: "ಇಲ್ಲಿ ಬಂದಾಗ ನನ್ನ ಕೇಳ್ರಿ."