ಯಾರಿಗೂ ಬೇಡಾದ ಹಳದಿ ಹೂ

ಜಮಖಂಡಿ ಮುಂಬಯಿ ರಾಜ್ಯದಲ್ಲಿದ್ದ ಕಾಲ. ನಾನು ಪುಣೆಯಿಂದ ಈ ಊರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದೀಪಾವಳಿ ಮುಗಿದ ವಾರ ನನ್ನ ಅಪ್ಪ ಅಂಚೆಯಲ್ಲಿ ಹತ್ತು ಒಣ ಗಡ್ಡೆ ಕಳಿಸಿದರು. ಒಂದೊಂದೂ ಗುಬ್ಬಿಯ ಕಾಲಿನಂತಿತ್ತು. ಬಟರ್‌ಕಪ್ ಎಂಬ ಹೂವು, ಶಿವರಾತ್ರಿಯ ಹೊತ್ತಿಗೆ ಅರಳುತ್ತದೆ, ನೀರು ಕಡಿಮೆ ಹಾಕು, ರಸ ತಾಗಿದರೆ ತುರಿಸುತ್ತದೆ ಎಂದು ಬರೆದಿದ್ದರು.

ಪುಣೆಯವಳಿಗೆ ಏನು ಬರುತ್ತದೆ ಎಂಬ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಈ ಹೂವನ್ನಾದರೂ ಬೆಳೆಸಿ ತೋರಿಸಬೇಕೆಂದು ಹಟ ಹಿಡಿದೆ. ತುಳಸಿಕಟ್ಟೆಯ ಪಕ್ಕ ಮಡಿ ಮಾಡಿ ಒಂಬತ್ತು ಗಡ್ಡೆ ಊರಿದೆ. ಜಾಗ ಸಾಲದೆ ಹತ್ತನೆಯದನ್ನು ಒಂದು ಒಡಕು ಕುಂಡದಲ್ಲಿ ಹಾಕಿ ಹಿತ್ತಲಲ್ಲಿಟ್ಟೆ.

ಆ ಮನೆಯಲ್ಲಿ ಸ್ನಾನವಾದವರೆಲ್ಲ ತುಳಸಿಗೆ ನೀರೆರೆದು, ತಂಬಿಗೆಯಲ್ಲಿ ಉಳಿದದ್ದನ್ನು ಪಕ್ಕದ ಗಿಡಕ್ಕೆ ಸುರಿಯುತ್ತಿದ್ದರು. ಬೇಡವೆನ್ನುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಮಡಿಯವರ ನೀರಿಗೆ ನನ್ನ ಮಡಿ ಕೊಳೆಯಿತು.

ಕುಂಡದ್ದು ಮಾತ್ರ ಬದುಕಿತು. ಅದರ ಪಕ್ಕದಲ್ಲೇ ಕೂತು ಅತ್ತೆಯವರ ಅಕ್ಕ ದಿನವಿಡೀ ಹೂಬತ್ತಿ ಹೊಸೆಯುತ್ತಿದ್ದರು. ನಾವೆಲ್ಲ ಅವರನ್ನು ಮೌಶಿ ಎನ್ನುತ್ತಿದ್ದೆವು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡವರು. ಬೆಳಿಗ್ಗೆ ದೇವರಿಗೆ ಹೂ ಬಿಡಿಸುವವರೂ ಅವರೇ.

ಶಿವರಾತ್ರಿಗೆ ಮೂರು ದಿನ ಮೊದಲು ಹೂ ಅರಳಿತು. ಆಕಳ ಬೆಣ್ಣೆಯ ಬಣ್ಣ. ಅತ್ತೆಯವರನ್ನು ಕರೆದು ತೋರಿಸಿದೆ. ಸಂಭ್ರಮದಲ್ಲಿ ಅವರೆದುರಿಗೇ ಬಗ್ಗಿ ಮೂಸಿಯೂ ಬಿಟ್ಟೆ.

"ಮೂಸಿದ ಹೂ ದೇವರಿಗೆ ನಡಿಯೂದಿಲ್ಲ," ಎಂದರು ಅತ್ತೆ. "ಮುಡಿಯಲಿಕ್ಕಾದರೂ ಬರತದೇನು?"

"ಇಲ್ರಿ. ರಸ ತಾಗಿದರ ತುರಸತದಂತ," ಎಂದೆ.

"ದೇವರಿಗೂ ಇಲ್ಲ, ಮುಡಿಯಲಿಕ್ಕೂ ಇಲ್ಲ. ಮತ್ತ್ಯಾಕ ಬೆಳಿಸಿದಿ?" ಎಂದು ಅತ್ತೆ ಒಳಗೆ ಹೋದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಗಿಡ ಕಿತ್ತೆಸೆಯಲು ಕೈ ಹಾಕಿದೆ.

"ಇರಲಿ ಬಿಡ ತಂಗಿ," ಎಂದರು ಮೌಶಿ, ಹೊಸೆಯುವುದನ್ನು ನಿಲ್ಲಿಸದೆ. "ಯಾರಿಗೂ ಬ್ಯಾಡಾದ ಹೂ ನನಗ ನಡೀತದ."

ಅಷ್ಟು ದಿನ ನನ್ನ ಹೂವಿನ ಚಿಂತೆಯಲ್ಲಿ, ಸೆರಗು ಹೊದ್ದ, ಹೂ ಮುಡಿಯುವಂತಿಲ್ಲದ ಆ ತಲೆಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಬೇಸಿಗೆಯಲ್ಲಿ ಎಲೆ ಒಣಗಿದ ಮೇಲೆ ಅಗೆದು ನೋಡಿದರೆ ಒಂದು ಗಡ್ಡೆ ಮೂರಾಗಿತ್ತು. ಮುಂದಿನ ದೀಪಾವಳಿಯವರೆಗೆ ಎಲ್ಲಿಡೋಣ ಎಂದು ಮೌಶಿಯನ್ನು ಕೇಳಿದೆ. ಅವರು ತಮ್ಮ ಹೂಬತ್ತಿಯ ಡಬ್ಬಿ ತೆರೆದು, ಹತ್ತಿ ಸರಿಸಿ ಜಾಗ ಮಾಡಿದರು.