ಪಪ್ಪಾಯಿ ದಂಟಿನ ಕೊಳವೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಪಾಲಿಬೆಟ್ಟದ ಒಂದು ಎಸ್ಟೇಟಿನ ಕೂಲಿಕಾರರ ಲೈನುಮನೆಗಳಲ್ಲಿ ನೀಲಾವತಿ ಶಿಶುವಿಹಾರದ ಟೀಚರ್ ಆಗಿದ್ದಳು. ತಾಯಂದಿರು ಕಾಫಿ ಕೊಯ್ಯಲು ಹೋದರೆ, ಮಕ್ಕಳು ಪಪ್ಪಾಯಿ ಎಲೆಯ ಟೊಳ್ಳು ದಂಟುಗಳನ್ನು ಒಂದರೊಳಗೊಂದು ತೂರಿಸಿ, ಹಂಡೆಯ ನೀರನ್ನು ಅಂಗಳದ ಚೆಂಡುಹೂವಿನ ಗಿಡಕ್ಕೆ ಹರಿಸಲು ಹೆಣಗುತ್ತಿದ್ದರು. ನೀರು ನಡುವೆಯೇ ಸೋರಿಹೋಗುತ್ತಿತ್ತು. ಐದು ವರ್ಷದ ಕಾಳಿ ದಿನವೂ ದಂಟಿನಡಿಯ ಕಲ್ಲುಗಳನ್ನು ಅತ್ತಿತ್ತ ಸರಿಸಿ, ಮತ್ತೆ ನೀರು ಬಿಟ್ಟು ನೋಡುತ್ತಿದ್ದಳು.

ಶಿಶುವಿಹಾರದ ತಪಾಸಣೆಗೆ ಇನ್ಸ್‌ಪೆಕ್ಟರಮ್ಮ ಬರುತ್ತಾರೆಂದು ತಿಳಿದದ್ದೇ ತಡ, ಆ ಸೋರುವ ದಂಟು ನೀಲಾವತಿಗೆ ಮರ್ಯಾದೆಗೇಡು ಅನಿಸಿತು. ಮಕ್ಕಳು ಬರುವ ಮೊದಲೇ ಅದನ್ನು ಕಿತ್ತೆಸೆದು, ಬಿದಿರು ಸೀಳಿ ತಾನೇ ಜೋಡಿಸಿದಳು. ನೀರು ಸರಾಗವಾಗಿ ಹರಿಯಿತು. ಮಕ್ಕಳಿಗೆ ತಲೆ ಓಡಿಸುವ ಕೆಲಸವೇ ಉಳಿಯಲಿಲ್ಲ.

ಇನ್ಸ್‌ಪೆಕ್ಟರಮ್ಮ ಮೆಚ್ಚಿ, ಕಾಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದರು, "ಇದನ್ನ ಹ್ಯಾಗೆ ಮಾಡಿದ್ರಿ ಪುಟ್ಟಿ?"

"ಇದು ಟೀಚರಮ್ಮಂದು. ನಮ್ದು ಅಗೋ, ಬೇಲಿ ಹತ್ರ ಬಿದ್ದದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ನೀಲಾವತಿಗೆ.

ಮರುದಿನ ಬಿದಿರನ್ನು ಒಲೆಗೆ ಹಾಕಿ, ಹಸಿ ದಂಟುಗಳನ್ನು ಕಡಿದು ತಂದು ಮಕ್ಕಳ ಮುಂದಿಟ್ಟಳು. ಯಾರೂ ಮುಟ್ಟಲಿಲ್ಲ. ಕಾಳಿ ಕೈಕಟ್ಟಿ ನಿಂತಳು.

"ನೀವೇ ಮಾಡಿ ಟೀಚರಮ್ಮ. ನಾವು ಮಾಡಿದ್ರೆ ಸೋರ್ತದೆ."